ಮುಟ್ಟದೆ ಹಾಕಿದ ಹಸಿರು ಗುರುತು

ಕೊರೋನಾದ ಗಲಾಟೆ ತಣ್ಣಗಾಗಿ ಹಡಗುಗಳ ಓಡಾಟ ಸರಿಹೋದ ವರ್ಷ ನಾನು ಚೆನ್ನೈನ ರಾಯಪುರಂನಲ್ಲಿ ಒಂದು ಕ್ರೈಸ್ತ ಮಿಷನ್ನಿನ ಗೋಡೌನಿನಲ್ಲಿ ಪ್ಯಾಕಿಂಗ್ ಸೂಪರ್‌ವೈಸರ್ ಆಗಿದ್ದೆ. ನಿವೃತ್ತಿ ಹತ್ತಿರವಿತ್ತು. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಮೊದಲು ಕೈಪಂಪು ತಯಾರಿಸುವ ಒಂದು ಕಾರ್ಖಾನೆಯಲ್ಲಿದ್ದೆ. ಅದು ಮುಚ್ಚಿಹೋಗಿ ಕೆಲಸವಿಲ್ಲದೆ ಅಲೆಯುತ್ತಿದ್ದಾಗ ನನ್ನನ್ನು ಕರೆದು ಕುರ್ಚಿ ಕೊಟ್ಟು ಕೂರಿಸಿದ್ದು ಈ ಮಿಷನ್. ನಮ್ಮದು ತ್ರಿಪ್ಲಿಕೇನ್‌ನಲ್ಲಿ ಎಷ್ಟೋ ತಲೆಮಾರಿನಿಂದ ನೆಲೆಸಿರುವ ಮಾಧ್ವ ಮನೆತನ. ತಮಿಳರು ನಮ್ಮಂಥವರನ್ನು ‘ರಾಯರ್’ ಎನ್ನುತ್ತಾರೆ. ಹಣೆಯಲ್ಲಿ ಅಂಗಾರ ಅಕ್ಷತೆ ಇಟ್ಟುಕೊಂಡೇ ನಾನು ದಿನಾ ಚರ್ಚಿನ ಕಾಂಪೌಂಡಿನೊಳಗೆ ಹೋಗುತ್ತಿದ್ದೆ. ಅಲ್ಲಿದ್ದಷ್ಟು ವರ್ಷ ಒಬ್ಬರೂ ಅದನ್ನು ಅಳಿಸಿಕೊಂಡು ಬಾ ಎಂದು ಹೇಳಲಿಲ್ಲ. ಅಂಥ ಜಾಗದಲ್ಲಿ ಕೂತು ನಾನು ಮಾಡಿದ ಒಂದು ಮೋಸವನ್ನೂ, ಅದರಿಂದ ನನ್ನನ್ನು ಹೊರಗೆ ತಂದವರನ್ನೂ ಕುರಿತು ಹೇಳಬೇಕಾಗಿದೆ.

ನಮ್ಮ ಮಿಷನ್ ಆಫ್ರಿಕಾದ ಜಾಂಬಿಯಾ ದೇಶದ ಪೂರ್ವಭಾಗದ ಕೆಲವು ಹಳ್ಳಿಗಳಿಗೆ ಕುಡಿಯುವ ನೀರಿನ ಕೆಲಸದಲ್ಲಿ ನೆರವಾಗುತ್ತಿತ್ತು. ಅಲ್ಲಿನ ಚರ್ಚು ಬೋರ್‌ವೆಲ್ ಕೊರೆಸುವುದು, ನಾವು ಇಲ್ಲಿಂದ ಕೈಪಂಪು ಮತ್ತು ಬಿಡಿಭಾಗ ಕಳಿಸುವುದು. ಪಂಪು ನಮ್ಮ ಊರುಕೇರಿಯ ಬೀದಿಗಳಲ್ಲಿ ಕಾಣುವಂಥದ್ದೇ. ಇದಕ್ಕೆ ಹಣ ಬರುತ್ತಿದ್ದುದು ದೊಡ್ಡ ದಾನಿಗಳಿಂದಲ್ಲ. ರಾಯಪುರಂನ ಮೀನುಗಾರರ ಮನೆಗಳಲ್ಲಿ ಹೆಂಗಸರು ಅಡುಗೆಗೆ ಅಕ್ಕಿ ತೆಗೆಯುವಾಗಲೆಲ್ಲ ಒಂದು ಹಿಡಿಯನ್ನು ಬೇರೆ ಡಬ್ಬಿಗೆ ಹಾಕಿಡುತ್ತಾರೆ. ‘ಪಿಡಿ ಅರಿಸಿ’ ಎಂದು ಅದರ ಹೆಸರು. ಭಾನುವಾರ ಆ ಅಕ್ಕಿ ಚರ್ಚಿಗೆ ಬರುತ್ತದೆ, ಅಲ್ಲೇ ಮಾರಾಟವಾಗುತ್ತದೆ, ಮಿಷನ್ನಿನ ಕೆಲಸಕ್ಕೆ ಹೋಗುತ್ತದೆ. ಗೋಡೌನಿನ ಬಾಗಿಲಲ್ಲಿ ನಿಂತು ಆ ಡಬ್ಬಿಗಳು ಬರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಪಂಪಿನ ಬಗ್ಗೆ ಸ್ವಲ್ಪ ತಿಳಿಸಬೇಕು. ನೆಲದ ಮೇಲೆ ಕಾಣುವ ಹಿಡಿಕೆ, ತೊಟ್ಟಿ ಮುಖ್ಯವಲ್ಲ. ನೆಲದೊಳಗೆ ಬಹಳ ಆಳದಲ್ಲಿ ಹಿತ್ತಾಳೆಯ ಸಿಲಿಂಡರ್ ಇರುತ್ತದೆ. ಅದರೊಳಗೆ ಮೇಲೆ ಕೆಳಗೆ ಆಡುವ ಪಿಸ್ಟನ್‌ಗೆ ಬಟ್ಟಲಿನ ಆಕಾರದ ವಾಷರ್ ತೊಡಿಸಿರುತ್ತಾರೆ. ನೀರನ್ನು ಹಿಡಿದು ಮೇಲಕ್ಕೆ ಎತ್ತುವುದು ಅದೇ. ವಾಷರ್ ಕೆಟ್ಟರೆ ಹಿಡಿಕೆ ಎಷ್ಟು ಒತ್ತಿದರೂ ಗಾಳಿಯೇ. ಅದನ್ನು ಬದಲಿಸಬೇಕಾದರೆ ಕಬ್ಬಿಣದ ಪೈಪುಗಳನ್ನು ಒಂದೊಂದಾಗಿ ಮೇಲಕ್ಕೆ ಎಳೆಯಬೇಕು. ಊರಿನ ಗಟ್ಟಿ ಆಳುಗಳೆಲ್ಲ ಸೇರಿ ದಿನವಿಡೀ ಮಾಡುವ ಕೆಲಸ ಅದು. ಅದಕ್ಕೇ ಒಳಗೆ ಹೋಗುವ ವಾಷರ್ ಸರಿಯಾಗಿದೆಯೇ ಎಂದು ಮೊದಲೇ ನೋಡುವುದು ಅಷ್ಟು ಮುಖ್ಯ.

ವಾಷರ್‌ಗಳಲ್ಲಿ ಎರಡು ಬಗೆ, ರಬ್ಬರಿನದು ಮತ್ತು ಚರ್ಮದ್ದು. ಚರ್ಮದ್ದನ್ನು ಕಣ್ಣಿನಿಂದ ನೋಡಿ ಹೇಳಲಾಗದು. ಎರಡೂ ಹೆಬ್ಬೆರಳಿನಿಂದ ಅಂಚನ್ನು ಹೊರಕ್ಕೆ ಮಡಚಬೇಕು. ಒಳ್ಳೆಯದಾದರೆ ಬಗ್ಗಿ ಮತ್ತೆ ತನ್ನ ಆಕಾರಕ್ಕೆ ಬರುತ್ತದೆ. ಒಣಗಿದ್ದಾದರೆ ಕೂದಲಿನಂಥ ಬಿರುಕು ಕಾಣುತ್ತದೆ. ಪೆಟ್ಟಿಗೆಯಲ್ಲಿರುವುದನ್ನೆಲ್ಲ ಹೀಗೆ ಮುಟ್ಟಿ ನೋಡಿದವನು ಪೆಟ್ಟಿಗೆಯ ಮೂಲೆಗೆ ಬ್ರಷ್ಷಿನಿಂದ ಹಸಿರು ಬಣ್ಣದ ಒಂದು ಗುರುತು ಹಾಕುತ್ತಾನೆ. ಹಸಿರು ಗುರುತಿದ್ದರೆ ಜಾಂಬಿಯಾದಲ್ಲಿ ಮತ್ತೆ ಯಾರೂ ಪರೀಕ್ಷಿಸುವುದಿಲ್ಲ, ನೇರವಾಗಿ ಪಂಪಿಗೆ ಹಾಕುತ್ತಾರೆ.

ನಾನು ಚರ್ಮ ಮುಟ್ಟುತ್ತಿರಲಿಲ್ಲ. ಅದು ದನದ ತೊಗಲು, ಮೇಲೆ ಕೊಬ್ಬು ಸವರಿರುತ್ತಾರೆ. ನಮ್ಮ ಮನೆಯ ಮಡಿ ಮೈಲಿಗೆಯಲ್ಲಿ ಬೆಳೆದ ಕೈ ಅದರತ್ತ ಹೋಗುತ್ತಿರಲಿಲ್ಲ. ಇದನ್ನು ನಾನು ಮಿಷನ್ನಿನ ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಬೇಕಾಗಿಯೂ ಬಂದಿರಲಿಲ್ಲ, ಏಕೆಂದರೆ ನನ್ನ ಜೊತೆಗೆ ಮೋಸಸ್ ಇದ್ದ. ನನ್ನದೇ ವಯಸ್ಸಿನ, ನಾಗರಕೋಯಿಲ್ ಕಡೆಯ ಮನುಷ್ಯ. ಮೊದಲ ವಾರದಲ್ಲೇ ನಾನು ಚರ್ಮದ ಪೆಟ್ಟಿಗೆಯನ್ನು ಕಾಲಿನಿಂದ ಸರಿಸುವುದನ್ನು ನೋಡಿ ಅವನಿಗೆ ಎಲ್ಲ ಅರ್ಥವಾಗಿತ್ತು.

“ಸರಿ ರಾಯರೇ, ಕಬ್ಬಿಣ ಎಲ್ಲ ನಿಮಗೆ, ಹಸು ನನಗೆ. ಪಾಗಪ್ಪಿರಿವಿನೈ ಮುಗೀತು” ಎಂದಿದ್ದ. ಅಣ್ಣತಮ್ಮಂದಿರ ಪಾಲು ಹಂಚಿಕೆಯಾದಂತೆ. ಅಲ್ಲಿಂದ ಮುಂದೆ ಆ ಮಾತು ನಮ್ಮ ನಡುವೆ ಮತ್ತೆ ಬರಲೇ ಇಲ್ಲ. ಎಷ್ಟೋ ವರ್ಷ ಅವನು ನನ್ನ ಪಾಲಿನ ಕೆಲಸವನ್ನು ನನ್ನ ಮಾನಕ್ಕೆ ಕುಂದು ಬಾರದಂತೆ ಮಾಡಿಕೊಟ್ಟ. ಅದಕ್ಕೆ ನಾನು ಒಂದು ದಿನವೂ ಥ್ಯಾಂಕ್ಸ್ ಎನ್ನಲಿಲ್ಲ.

ಕೊರೋನಾ ಮುಗಿಯುವ ಹೊತ್ತಿಗೆ ಮೋಸಸ್ ನಿವೃತ್ತನಾಗಿ ಊರಿಗೆ ಹೋದ. ಅವನ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ರಬ್ಬರ್ ವಾಷರ್ ಬಂದ ಮೇಲೆ ಚರ್ಮದ್ದು ಹೇಗೂ ಕಡಿಮೆಯಾಗಿತ್ತು. ಆದರೆ ಆ ವರ್ಷ ರಬ್ಬರಿನದು ಸಕಾಲಕ್ಕೆ ಸಿಗಲಿಲ್ಲ. ಜಾಂಬಿಯಾದಲ್ಲಿ ಮಳೆಗಾಲ ಮುಗಿದು ಹಳ್ಳಿಗಳಲ್ಲಿ ರಿಪೇರಿಗೆ ಪಂಪು ಬಿಚ್ಚುವ ಸಮಯ ಬಂದಿತ್ತು. ಪೆರಿಯಮೇಟ್‌ನ ಚರ್ಮದ ಅಂಗಡಿಯೊಂದರಿಂದ ಒಂದು ಪೆಟ್ಟಿಗೆ ವಾಷರ್ ತರಿಸಿದೆವು.

ಪೆಟ್ಟಿಗೆ ನನ್ನ ಮೇಜಿನ ಮುಂದೆ ಬಂದು ಕೂತಿತು. ವಾಷರ್‌ಗಳು ಪ್ಲಾಸ್ಟಿಕ್ ಚೀಲಗಳಲ್ಲಿದ್ದವು. ನಾನು ಚೀಲಗಳನ್ನು ಹಿಡಿದು ಬೆಳಕಿಗೆ ತಿರುಗಿಸಿ ನೋಡಿದೆ. ಕೆಲವುಗಳ ಅಂಚಿನಲ್ಲಿ ಬೂದುಬಣ್ಣದ ಪುಡಿ ಕಂಡಿತು. ಚರ್ಮಕ್ಕೆ ಸವರಿದ ಮೇಣವಿರಬೇಕು ಎಂದುಕೊಂಡೆ. ಮೇಣವೇ ಅಲ್ಲವೇ ಎಂದು ತಿಳಿಯಲು ಚೀಲ ಬಿಚ್ಚಿ ಉಗುರು ತಾಗಿಸಿದ್ದರೆ ಸಾಕಿತ್ತು. ಬಿಚ್ಚಲಿಲ್ಲ. ಲಾಕ್‌ಡೌನ್ ಉದ್ದಕ್ಕೂ ಆ ಮಾಲು ಅಂಗಡಿಯ ಅಟ್ಟದ ಮೇಲೆ ತಗಡಿನ ಶೀಟಿನ ಕೆಳಗೆ ಬೆಂದು ಒಣಗಿತ್ತು ಎಂದು ಆಮೇಲೆ ತಿಳಿಯಿತು. ನಾನು ಬ್ರಷ್ ಅದ್ದಿ ಹಸಿರು ಗುರುತು ಹಾಕಿದೆ. ಮನೆಗೆ ಹೋಗಿ ಸ್ನಾನ ಮಾಡಿದೆ. ಮುಟ್ಟದೇ ಇದ್ದರೂ ಸ್ನಾನ ಮಾಡಿದೆ.

ಕೆಲವು ತಿಂಗಳು ಕಳೆದವು. ಒಂದು ಬೆಳಿಗ್ಗೆ ನಮ್ಮ ಮಿಷನ್ನಿನ ಮುಖ್ಯಸ್ಥರಾದ ಪಾಸ್ಟರ್ ಎಬನೇಸರ್ ನನ್ನನ್ನು ತಮ್ಮ ಕೋಣೆಗೆ ಕರೆಸಿದರು. ನಾವೆಲ್ಲ ಅವರನ್ನು ‘ಐಯಾ’ ಎನ್ನುತ್ತಿದ್ದೆವು. ಅವರ ಮೊಬೈಲಿನಲ್ಲಿ ಜಾಂಬಿಯಾದ ಪಾಸ್ಟರ್ ಮ್ವಾಲೆ ವಾಟ್ಸ್ಆ್ಯಪ್ ವಿಡಿಯೋದಲ್ಲಿದ್ದರು. ಅವರು ಕ್ಯಾಮೆರಾದ ಮುಂದೆ ಒಂದು ವಾಷರ್ ಹಿಡಿದು ಮಡಚಿದರು. ಅದು ಹಪ್ಪಳದ ಹಾಗೆ ಮುರಿಯಿತು.

ಹೊಸ ವಾಷರ್ ಹಾಕಿದ ಪಂಪುಗಳೆಲ್ಲ ಕೆಲವೇ ವಾರಗಳಲ್ಲಿ ನಿಂತುಹೋಗಿದ್ದವು. ಹೆಂಗಸರು ಮತ್ತೆ ಹಳ್ಳದಲ್ಲಿ ಗುಂಡಿ ತೋಡಿ ನೀರು ಹೊರುತ್ತಿದ್ದರು. ಆದರೆ ಪಾಸ್ಟರ್ ಮ್ವಾಲೆ ಕರೆಮಾಡಿದ್ದು ಅದಕ್ಕಿಂತ ಕೆಟ್ಟದೊಂದನ್ನು ಹೇಳಲು. ಆ ಹಳ್ಳಿಗಳ ಪಂಪು ರಿಪೇರಿ ಮಾಡುವವನು ಜೋಸೆಫ್ ಬಾಂಡಾ ಎಂಬ ಮೆಕ್ಯಾನಿಕ್. ಮಿಷನ್ನೇ ಅವನಿಗೆ ತರಬೇತಿ ಕೊಟ್ಟಿತ್ತು. ಅವನು ಒಳ್ಳೆಯ ವಾಷರ್‌ಗಳನ್ನು ಪೇಟೆಯಲ್ಲಿ ಮಾರಿಕೊಂಡು ಹಳೆಯದನ್ನು ತುರುಕಿದ್ದಾನೆ ಎಂದು ಊರಿನಲ್ಲಿ ಮಾತು ಹುಟ್ಟಿತ್ತು. ನೀರಿನ ಸಮಿತಿ ಅವನ ಕೈಯಿಂದ ಸ್ಪ್ಯಾನರ್ ಪೆಟ್ಟಿಗೆ ಕಿತ್ತುಕೊಳ್ಳಲು ಹೊರಟಿತ್ತು.

ಐಯಾ ನನ್ನ ಕಡೆ ತಿರುಗಿ ಸಹಜವಾಗಿ ಕೇಳಿದರು. “ರಾಯರೇ, ಆ ಪೆಟ್ಟಿಗೆ ನೀವು ಚೆಕ್ ಮಾಡಿ ಕಳಿಸಿದ್ದೇ ತಾನೆ?”

“ಹೌದು ಐಯಾ, ಮಾಡಿದ್ದೆ” ಎಂದೆ.

ಅವರು ಆ ಉತ್ತರವನ್ನು ಇಂಗ್ಲಿಷಿನಲ್ಲಿ ಫೋನಿಗೆ ಹೇಳಿದರು. ಆ ಕಡೆ ಮ್ವಾಲೆಯವರ ಮುಖ ಸಣ್ಣದಾಯಿತು. ನನಗೆ ಆಗ ಹೊಳೆಯಿತು. ಚೆನ್ನೈನಿಂದ ಸರಿಯಾದ ಮಾಲು ಹೋಗಿದ್ದರೆ ಹಳ್ಳಿಯಲ್ಲಿ ಕಳ್ಳನಿರಲೇಬೇಕು. ಅಲ್ಲಿಯವರೆಗೆ ಬರೀ ಗುಸುಗುಸು ಆಗಿದ್ದ ಮಾತು ನನ್ನ ಎರಡು ಶಬ್ದಗಳಿಂದ ಸಾಕ್ಷಿ ಆಗಿಬಿಟ್ಟಿತ್ತು. ಬಾಯಿ ತೆರೆಯಲು ಅದೇ ಸಮಯ. ನಾನು ತೆರೆಯಲಿಲ್ಲ.

ಆ ವಾರ ಹೇಗೆ ಕಳೆಯಿತೋ ಗೊತ್ತಿಲ್ಲ. ಮಾಧವರಂನಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಿ ಊಟದೆಲೆಯ ಮುಂದೆ ಕೂತವನು ಬಡಿಸಿದ್ದನ್ನು ಮುಟ್ಟದೆ ಎದ್ದೆ. ಬಸ್ಸಿನಲ್ಲಿ ಬರುವಾಗ ನನ್ನ ಹೆಂಡತಿ ರುಕ್ಮಿಣಿ ಬಿಡಲಿಲ್ಲ.

“ಏನ್ರೀ ಆಯ್ತು ನಿಮ್ಗೆ? ಶುಗರ್ ಜಾಸ್ತಿ ಆಯ್ತಾ?”

ಹೇಳಿದೆ. ಎಲ್ಲವನ್ನೂ ಹೇಳಿದೆ. ಅವಳು ಮಡಿಯಲ್ಲಿ ನನಗಿಂತ ಕಟ್ಟುನಿಟ್ಟು, ನನ್ನ ಕಷ್ಟ ಅವಳಿಗೆ ಅರ್ಥವಾಗುತ್ತದೆ ಎಂದು ಒಳಗೊಳಗೇ ನಂಬಿದ್ದೆ.

“ಮಡಿ ಅಂತ ನನ್ನ ಮೇಲೆ ಹಾಕ್ಬೇಡಿ” ಎಂದಳು. “ನಿಮ್ಮ ಅಪ್ಪ ಏಕಾದಶಿ ಭಜನೇಲಿ ಮೃದಂಗ ಬಾರಿಸ್ತಿದ್ರಲ್ಲ, ಅದಕ್ಕೆ ಏನು ಕಟ್ಟಿರ್ತಾರೆ, ಬಾಳೆಲೆನಾ?”

ಮುಂದಿನ ಸೀಟಿನವರು ತಿರುಗಿ ನೋಡಿದರು.

“ಮುಟ್ಟಲ್ಲ ಅಂದಿದ್ರೆ ಆಗ್ತಿತ್ತು. ಯಾರು ಬೇಡ ಅಂತಾರೆ? ಮುಟ್ದೆ ಅಂತ ಪೊಯ್ ಹೇಳಿದ್ರಲ್ಲ, ಆ ಸುಳ್ಳು ತಪ್ಪು. ಆ ಮನುಷ್ಯನಿಗೆ ಹೆಂಡ್ತಿ ಮಕ್ಕಳು ಇಲ್ವಾ? ನಾಳೆ ಕಾಲೈಲೇ, ಬೆಳಗಾಗ್ತಿದ್ದ ಹಾಗೆ ಹೋಗಿ ಪಾಸ್ಟರ್ ಹತ್ರ ಹೇಳಿ. ಹೇಳ್ದೆ ಬಂದ್ರೆ ಕಾಫಿ ಕೇಳ್ಬೇಡಿ ನನ್ನ.”

ಮರುದಿನ ಬೆಳಿಗ್ಗೆ ಐಯಾ ಅವರ ಮುಂದೆ ನಿಂತು ಹೇಳಿದೆ. ಚರ್ಮ ಮುಟ್ಟುವುದಿಲ್ಲ ಎಂಬುದನ್ನು, ಮೋಸಸ್ ಜೊತೆಗಿನ ಹಂಚಿಕೆಯನ್ನು, ಬೂದು ಪುಡಿಯನ್ನು, ಫೋನಿನ ಮುಂದೆ ಹೇಳಿದ ಸುಳ್ಳನ್ನು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯುತ್ತಾರೆ ಎಂದುಕೊಂಡೆ, ಇಲ್ಲವೇ ಕ್ಷಮಿಸಿದೆ ಎನ್ನುತ್ತಾರೆ ಎಂದುಕೊಂಡೆ. ನಿಜ ಹೇಳಬೇಕೆಂದರೆ ಎರಡನೆಯದನ್ನೇ ನಿರೀಕ್ಷಿಸಿ ಬಂದಿದ್ದೆ. ಪಾದ್ರಿಗಳ ಕೆಲಸ ಅದೇ ಅಲ್ಲವೇ.

“ನನ್ನ ಹತ್ತಿರ ಹೇಳಿ ಹಗುರ ಆಗಿಬಿಡಬೇಡಿ ರಾಯರೇ” ಎಂದರು. “ಇದು ನನಗೆ ಬರಬೇಕಾದ ಮಾತಲ್ಲ. ಬಾಂಡಾಗೆ ಸೇರಬೇಕಾದದ್ದು.”

ನನ್ನೆದುರಿಗೇ ಮ್ವಾಲೆಯವರಿಗೆ ಫೋನ್ ಮಾಡಿದರು. ಮ್ವಾಲೆಯವರು ಎಲ್ಲ ಕೇಳಿ, ಸಮಿತಿಯನ್ನು ಸ್ವಲ್ಪ ದಿನ ತಡೆದು ನಿಲ್ಲಿಸುತ್ತೇನೆ, ಆದರೆ ಫೋನಿನಲ್ಲಿ ಬಂದ ಮಾತನ್ನು ಇಲ್ಲಿ ಯಾರೂ ನಂಬುವುದಿಲ್ಲ ಎಂದರು. ಮಿಷನ್ ತಾನು ಬೆಳೆಸಿದವನನ್ನು ಉಳಿಸಿಕೊಳ್ಳಲು ಕಥೆ ಕಟ್ಟಿದೆ ಎನ್ನುತ್ತಾರೆ. ಹೇಳುವವನು ಎದುರಿಗೆ ನಿಲ್ಲಬೇಕು ಎಂದರು.

ವರ್ಷಕ್ಕೊಮ್ಮೆ ಐಯಾ ಜೊತೆ ಒಬ್ಬರು ಇಂಜಿನಿಯರು ಜಾಂಬಿಯಾಕ್ಕೆ ಹೋಗಿಬರುವುದು ರೂಢಿ. ಆ ಸಲ ಇಂಜಿನಿಯರ ಬದಲು ನನ್ನನ್ನು ಕರೆದೊಯ್ಯಲು ಅವರು ತೀರ್ಮಾನಿಸಿದರು. ಕೆಲಸದಿಂದ ತೆಗೆಯಬಹುದಾಗಿದ್ದವನನ್ನು ವಿಮಾನ ಹತ್ತಿಸಿದರು. ಈ ಋಣವನ್ನು ಯಾವ ಲೆಕ್ಕದಲ್ಲಿ ಇಡಬೇಕೋ ಇಂದಿಗೂ ನನಗೆ ತಿಳಿದಿಲ್ಲ.

ಹೊರಡುವ ಮೊದಲು ಹೊಸ ವಾಷರ್ ಆಗಬೇಕಿತ್ತು. ರಬ್ಬರಿನದು ಆಗಲೂ ಸಿಗಲಿಲ್ಲ. ಬೇರೊಂದು ಅಂಗಡಿಯಿಂದ ಹೊಸದಾಗಿ ಹದ ಮಾಡಿದ ಚರ್ಮದ್ದು ತಂದೆವು. ಅದನ್ನು ನಾನೇ ನೋಡಬೇಕು ಎಂದು ಯಾರೂ ಹೇಳಲಿಲ್ಲ. ಗೋಡೌನಿನಲ್ಲಿ ಪೆಟ್ಟಿಗೆಯ ಮುಂದೆ ಕೂತು ಮೋಸಸ್‌ಗೆ ಫೋನ್ ಮಾಡಿದೆ.

“ಏನ್ ರಾಯರೇ, ಸೌಖ್ಯವಾ?”

ವಿಷಯ ಹೇಳಿದೆ. ಮೋಸಸ್, ನಾನು ನಿವೃತ್ತನಾಗುವಾಗಲೇ ಐಯಾ ಹತ್ತಿರ ಹೇಳಬೇಕಿತ್ತು, ನಿಮಗೆ ಅವಮಾನ ಆಗುತ್ತದೆ ಅಂತ ಬಿಟ್ಟೆ ಎಂದು ಬೇಸರಪಟ್ಟುಕೊಂಡ. ತಪ್ಪು ನನ್ನದು, ನೊಂದುಕೊಂಡವನು ಅವನು.

“ಈಗ ಹೇಗೆ ಹಿಡಿಯೋದು ಹೇಳು ಮಾರಾಯ” ಎಂದೆ.

“ಎರಡು ಹೆಬ್ಬೆರಳು ಒಳಗೆ, ಬಾಕಿ ಬೆರಳು ಹೊರಗೆ. ದೋಸೆ ಮಗುಚಿದ ಹಾಗೆ ಅಂಚನ್ನ ಹೊರಕ್ಕೆ ತಿರುಗಿಸಿ. ಭಯಪಡಬೇಡಿ, ಹಸು ಸತ್ತು ತಿಂಗಳಾಯ್ತು, ಹಾಯೋದಿಲ್ಲ.”

ನಕ್ಕೆ. ನಗುತ್ತಲೇ ಮೊದಲನೆಯದನ್ನು ಹಿಡಿದೆ. ತಣ್ಣಗಿತ್ತು, ಸ್ವಲ್ಪ ಜಿಡ್ಡು. ಬಗ್ಗಿತು, ಮತ್ತೆ ನೆಟ್ಟಗಾಯಿತು. ಅಷ್ಟೇ. ಇಷ್ಟಕ್ಕಾಗಿ ಒಬ್ಬ ಮನುಷ್ಯನ ಹೆಸರನ್ನು ಒತ್ತೆ ಇಟ್ಟಿದ್ದೆನಲ್ಲ. ಪೆಟ್ಟಿಗೆ ಖಾಲಿಯಾಗುವವರೆಗೆ ಅಲ್ಲೇ ಕೂತು ಎಲ್ಲವನ್ನೂ ಮಡಚಿ ನೋಡಿದೆ. ಸಂದೇಹ ಬಂದವನ್ನು ಬೇರೆ ಇಟ್ಟೆ.

ಲುಸಾಕಾ ನಗರದಲ್ಲಿ ವಿಮಾನ ಇಳಿದು ಒಂದು ಹಗಲು ಪೂರ್ವಕ್ಕೆ ಪ್ರಯಾಣ ಮಾಡಿದೆವು. ಕೆಂಪು ಮಣ್ಣು, ಮೆಕ್ಕೆಜೋಳದ ಹೊಲಗಳು, ಹುಲ್ಲು ಹೊದಿಸಿದ ಗುಂಡು ಮನೆಗಳು. ಮ್ವಾಲೆಯವರ ಮನೆಯಲ್ಲಿ ಇಳಿದುಕೊಂಡೆವು. ನಾನು ಮಾಂಸ ತಿನ್ನುವುದಿಲ್ಲವೆಂದು ಮೊದಲೇ ತಿಳಿದುಕೊಂಡು ಅವರ ಹೆಂಡತಿ ನನಗೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆಗೆ ಕುಂಬಳದೆಲೆಯನ್ನು ಕಡಲೆಕಾಯಿ ಪುಡಿಯಲ್ಲಿ ಬೇಯಿಸಿ ಬೇರೆಯಾಗಿ ಇಟ್ಟಿದ್ದರು. ಅಲ್ಲಿದ್ದ ಎಲ್ಲ ದಿನವೂ ಆ ತಾಯಿ ಬೇರೆ ಪಾತ್ರೆಯಲ್ಲೇ ಮಾಡಿಕೊಟ್ಟರು.

ಹಳ್ಳಿಯ ಹೆಸರು ಚಿಕೊಂಡಿ. ಮರುದಿನ ಅಲ್ಲಿ ಒಂದು ದೊಡ್ಡ ಮಾವಿನ ಮರದ ಕೆಳಗೆ ಸಭೆ ಕೂಡಿತು. ನೀರಿನ ಸಮಿತಿಯವರು ಬೆಂಚಿನ ಮೇಲೆ, ಹೆಂಗಸರು ಚಾಪೆಯ ಮೇಲೆ. ಜೋಸೆಫ್ ಬಾಂಡಾ ಎಲ್ಲರಿಂದ ದೂರ, ತನ್ನ ಬೈಕಿಗೆ ಒರಗಿ ನಿಂತಿದ್ದ. ನಲವತ್ತರ ಆಸುಪಾಸಿನ ಎತ್ತರದ ಆಳು. ಸ್ಪ್ಯಾನರ್ ಪೆಟ್ಟಿಗೆಯನ್ನು ಅವನು ಆಗಲೇ ತಂದು ಸಮಿತಿಯ ಅಧ್ಯಕ್ಷರ ಕಾಲ ಬಳಿ ಇಟ್ಟಿದ್ದ. ಕಿತ್ತುಕೊಳ್ಳುವ ಮೊದಲು ತಾನೇ ಕೊಟ್ಟುಬಿಡುವುದು ಎಂದುಕೊಂಡಿರಬೇಕು.

ನಾನು ತಮಿಳಿನಲ್ಲಿ ಹೇಳುವುದು, ಐಯಾ ಇಂಗ್ಲಿಷಿಗೆ, ಮ್ವಾಲೆಯವರು ಅಲ್ಲಿನ ಭಾಷೆಗೆ ತಿರುಗಿಸುವುದು ಎಂದಾಗಿತ್ತು. ಶುರುಮಾಡಿದೆ. ಐಯಾ ನನ್ನ ಮೇಲಿನ ಪ್ರೀತಿಯಿಂದಲೋ ಏನೋ ಮಾತನ್ನು ಸ್ವಲ್ಪ ಮೆತ್ತಗೆ ಮಾಡುತ್ತಿದ್ದರು. ‘ಪರೀಕ್ಷೆಯಲ್ಲಿ ಲೋಪವಾಗಿದೆ’ ಎಂಬಂಥ ಶಬ್ದ ನನ್ನ ಕಿವಿಗೂ ಬಿತ್ತು. ಜನರ ಮುಖದಲ್ಲಿ ಏನೂ ಬದಲಾಗಲಿಲ್ಲ. ಲೋಪ ಎಂದರೆ ಅದು ಯಾರದ್ದು ಬೇಕಾದರೂ ಆಗಬಹುದು.

ನಾನು ಐಯಾ ಅವರನ್ನು ತಡೆದು, ಒಂದು ಮುರಿದ ವಾಷರನ್ನು ಕೈಯಲ್ಲಿ ಎತ್ತಿ ಹಿಡಿದು, ನನಗೆ ಬರುವಷ್ಟು ಇಂಗ್ಲಿಷಿನಲ್ಲಿ ಹೇಳಿದೆ. “ಇದನ್ನು ನಾನು ಮುಟ್ಟಲಿಲ್ಲ. ಮುಟ್ಟಿದೆ ಅಂತ ಗುರುತು ಹಾಕಿದೆ. ಕೇಳಿದಾಗ ಸುಳ್ಳು ಹೇಳಿದೆ. ಬಾಂಡಾ ಕದ್ದಿಲ್ಲ. ಬಾಂಡಾ ಹಾಕಿದ್ದು ನಾನು ಕಳಿಸಿದ್ದನ್ನೇ.”

ಮ್ವಾಲೆಯವರು ತಿರುಗಿಸುವ ಮೊದಲೇ ಕೆಲವರಿಗೆ ಅರ್ಥವಾಗಿತ್ತು. ಚಾಪೆಯ ಮೇಲೆ ಕೂತಿದ್ದ ಒಬ್ಬ ಅಜ್ಜಿ ಏನೋ ಕೇಳಿದಳು. ಎಲ್ಲರೂ ಅವಳನ್ನು ‘ಅಂಬುಯಾ’ ಎನ್ನುತ್ತಿದ್ದರು, ಅಂದರೆ ಅಜ್ಜಿ. “ಯಾಕೆ ಮುಟ್ಟಲಿಲ್ಲ, ಕೈಗೆ ಗಾಯವಾಗಿತ್ತಾ ಅಂತ ಕೇಳ್ತಾ ಇದ್ದಾರೆ” ಎಂದರು ಮ್ವಾಲೆ.

ನಮ್ಮ ಮನೆತನದಲ್ಲಿ ದನದ ತೊಗಲು ಮುಟ್ಟುವುದಿಲ್ಲ ಎಂದೆ. ಜನ ನಗುತ್ತಾರೆ ಅಥವಾ ಸಿಟ್ಟಾಗುತ್ತಾರೆ ಎಂದು ಹೆದರಿದ್ದೆ. ಅಜ್ಜಿ ಎರಡನ್ನೂ ಮಾಡಲಿಲ್ಲ. ಇದರಲ್ಲೇನಿದೆ ಎನ್ನುವಂತೆ ತಲೆಯಾಡಿಸಿದಳು.

“ನಮ್ಮಲ್ಲೂ ಇದೆ” ಎಂದಳು. “ನನ್ನ ಗಂಡನ ಕುಲದವರು ಕಾಡುಹಂದಿ ಮುಟ್ಟಲ್ಲ. ಬೇಟೆಯವರು ತಂದರೆ, ನಾನು ಮುಟ್ಟಲ್ಲಪ್ಪಾ ಅಂತ ಹೇಳ್ತಾರೆ, ಪಕ್ಕದವನು ಕೊಯ್ತಾನೆ. ಮುಟ್ಟದೆ ಇದ್ದು ಕೊಯ್ದೆ ಅಂತ ಹೇಳಿದ್ರೆ ಊರು ಉಪವಾಸ ಮಲಗಬೇಕಾಗ್ತದೆ. ನಿಮ್ಮ ಊರಲ್ಲಿ ಪಕ್ಕದವನು ಇರಲಿಲ್ವಾ?”

ಮಿಷನ್ನಿನಲ್ಲಿ ಬೇರೆಯವರಿದ್ದರು, ಕೇಳಲು ನನಗೆ ನಾಚಿಕೆಯಾಯಿತು ಎಂದೆ.

“ಅದಕ್ಕೆ ನಾನು ಹಳ್ಳದಿಂದ ನೀರು ಹೊತ್ತೆ, ನೋಡು” ಎಂದು ತನ್ನ ನೆತ್ತಿ ತಟ್ಟಿ ತೋರಿಸಿದಳು. ಹೆಂಗಸರು ಜೋರಾಗಿ ನಕ್ಕರು. ನನಗೆ ನಗು ಬರಲಿಲ್ಲ. ನಾನು ಎಷ್ಟೋ ದಿನದಿಂದ ಗಂಟು ಹಾಕಿಕೊಂಡಿದ್ದನ್ನು ಆ ತಾಯಿ ಬಿಡಿಸಿ ಎರಡು ಎಳೆ ಮಾಡಿ ಕೈಗೆ ಕೊಟ್ಟಿದ್ದಳು. ಆಚಾರ ನನ್ನ ತಪ್ಪಲ್ಲ. ಅದನ್ನು ಮುಚ್ಚಿಟ್ಟು ಬೇರೆಯವರ ತಲೆಯ ಮೇಲೆ ಹೊರಿಸಿದ್ದು ನನ್ನ ತಪ್ಪು. ಬಸ್ಸಿನಲ್ಲಿ ರುಕ್ಮಿಣಿ ಹೇಳಿದ್ದೂ ಇದನ್ನೇ, ಆಗ ನನಗೆ ಕಿವಿ ಇರಲಿಲ್ಲ.

ಸಮಿತಿಯ ಅಧ್ಯಕ್ಷರು ಸ್ಪ್ಯಾನರ್ ಪೆಟ್ಟಿಗೆಯನ್ನು ಎತ್ತಿ ಬಾಂಡಾನ ಕಡೆ ಚಾಚಿದರು. ಅವನು ತೆಗೆದುಕೊಳ್ಳಲಿಲ್ಲ.

“ಇವರು ಇಲ್ಲಿ ಹೇಳಿದರು, ಸರಿ” ಎಂದ ಬಾಂಡಾ. ಅವನಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. “ನನ್ನನ್ನು ಕಳ್ಳ ಅಂದದ್ದು ಇಲ್ಲಿ ಮಾತ್ರವಾ? ನನ್ನ ಹೆಂಡತಿ ಸಂತೆಗೆ ಹೋದರೆ ಟೊಮೆಟೊ ಮಾರುವವರು ಅವಳ ಎದುರಿಗೇ ಸಾಮಾನು ಒಳಗೆ ಎತ್ತಿಡ್ತಾರೆ. ಭಾನುವಾರ ಪೇಟೆಯ ಚರ್ಚಿಗೆ ಎಲ್ಲ ಹಳ್ಳಿಯವರೂ ಬರ್ತಾರೆ. ಬಾಂಬೋ ಅಲ್ಲಿ ಹೇಳಲಿ.”

ಬಾಂಬೋ ಎಂದರೆ ಯಜಮಾನರೇ ಎಂದಂತೆ. ಅಷ್ಟು ಸಿಟ್ಟಿನಲ್ಲೂ ಮರ್ಯಾದೆ ಬಿಟ್ಟಿರಲಿಲ್ಲ. ಹೇಳುತ್ತೇನೆ ಎಂದೆ. ಆಗ ಅವನು ಬಂದು ಪೆಟ್ಟಿಗೆ ಎತ್ತಿಕೊಂಡ.

ಆ ದಿನವೇ ಚಿಕೊಂಡಿಯ ಪಂಪು ಬಿಚ್ಚಿದೆವು. ಗಂಡಸರು ಹಾಡು ಹೇಳಿಕೊಂಡು ಪೈಪು ಎಳೆದರು. ಬಾಂಡಾ ಸಿಲಿಂಡರ್ ತೆರೆದು ಪಿಸ್ಟನ್ನನ್ನು ಒರೆಸಿ ನನ್ನ ಮುಂದೆ ಚಾಚಿದ. ನಾನು ಎಣ್ಣೆಯಲ್ಲಿ ನೆನೆಸಿಟ್ಟ ವಾಷರನ್ನು ತೆಗೆದು ಇನ್ನೊಮ್ಮೆ ಮಡಚಿ ನೋಡಿ ತೊಡಿಸಿದೆ. ಹೊತ್ತು ಇಳಿಯುವ ಮೊದಲು ಪೈಪುಗಳು ಮತ್ತೆ ಒಳಗೆ ಹೋದವು. ಅಜ್ಜಿಯೇ ಹಿಡಿಕೆ ಒತ್ತಿದಳು. ಸ್ವಲ್ಪ ಹೊತ್ತು ಬರೀ ಗಾಳಿಯ ಸದ್ದು, ಆಮೇಲೆ ಕೆಮ್ಮಿದ ಹಾಗೆ ಒಂದು ಗೊರಗೊರ, ಆಮೇಲೆ ನೀರು. ಹೆಂಗಸರು ನಾಲಗೆ ಆಡಿಸಿ ಕೂಗಿದ ಕೂಗು ಇನ್ನೂ ನನ್ನ ಕಿವಿಯಲ್ಲಿದೆ. ನನ್ನ ಕೈಗೂ ಒಂದು ಲೋಟ ಕೊಟ್ಟರು. ಚರ್ಮದ ವಾಷರ್ ಎತ್ತಿಕೊಟ್ಟ ನೀರು. ಕುಡಿದೆ. ಸಿಹಿಯಾಗಿತ್ತು.

ಭಾನುವಾರ ಪೇಟೆಯ ಚರ್ಚು ತುಂಬಿ ಕಿಟಕಿಯ ಹೊರಗೂ ಜನ ನಿಂತಿದ್ದರು. ಹಣೆಯಲ್ಲಿ ಅಕ್ಷತೆ ಇಟ್ಟುಕೊಂಡವನೊಬ್ಬ ಅಲ್ಲಿ ನಿಂತು ಮಾತಾಡಿದ್ದು ಅದೇ ಮೊದಲಿರಬೇಕು. ಮರದ ಕೆಳಗೆ ಹೇಳಿದ್ದನ್ನೇ ಹೇಳಿದೆ. ಈ ಸಲ ಮ್ವಾಲೆಯವರು ಒಂದಕ್ಷರವನ್ನೂ ಮೆತ್ತಗೆ ಮಾಡಲಿಲ್ಲ. ಹೇಳಿ ಮುಗಿಸಿ ಬಾಂಡಾ ಕೂತಿದ್ದ ಕಡೆ ಕೈಮುಗಿದೆ. ಅವನ ಪಕ್ಕದಲ್ಲಿ ಅವನ ಹೆಂಡತಿ ನೆಟ್ಟಗೆ ಕೂತು ಸುತ್ತಲಿನ ಒಬ್ಬೊಬ್ಬರನ್ನೂ ತಿರುಗಿ ತಿರುಗಿ ನೋಡುತ್ತಿದ್ದಳು. ‘ಕೇಳಿದಿರಾ?’ ಎನ್ನುವ ಹಾಗೆ. ಜನ ಚಪ್ಪಾಳೆ ತಟ್ಟಿದರು. ಬಾಂಡಾನ ಹೆಸರು ಅವನಿಗೆ ವಾಪಸು ಬಂದಿತ್ತು. ನನ್ನ ಕೆಲಸ ಮುಗಿಯಿತೆಂದು ನಾನು ಕೂತೆ.

ಆಗ ಬಾಂಡಾ ಎದ್ದು ನಿಂತ. ಥ್ಯಾಂಕ್ಸ್ ಹೇಳಲು ಎದ್ದಿರಬೇಕು ಎಂದು ಎಲ್ಲರೂ ಅಂದುಕೊಂಡೆವು. ಆದರೆ ಅವನು ಬೇರೆಯೇ ಏನೋ ಹೇಳಿದ. ಅವನ ಹೆಂಡತಿ ಅವನ ಶರ್ಟಿನ ಅಂಚು ಹಿಡಿದು ಕೂರಿಸಲು ನೋಡಿದಳು. ಮ್ವಾಲೆಯವರು ನನ್ನ ಕಿವಿಯಲ್ಲಿ ಹೇಳಿದರು.

“ವಾಷರ್ ನಾನು ಕದಿಯಲಿಲ್ಲ. ಆದರೆ ಹೋದ ಬೇಸಿಗೆಯಲ್ಲಿ ಗುಡ್ಡದ ಆಚೆಯ ಹಳ್ಳಿಯ ಪಂಪು ನೋಡಲು ಹೋಗಿದ್ದೆ. ಪೈಪಿನ ಜೋಡಣೆ ಎಲ್ಲ ಪರೀಕ್ಷೆ ಮಾಡಿದೆ ಅಂತ ಅವರಿಗೆ ಹೇಳಿದೆ. ಮೇಲಿನ ಕೆಲವು ಪೈಪು ಮಾತ್ರ ಎಳೆದು ನೋಡಿದ್ದೆ. ಸುಸ್ತಾಗಿತ್ತು. ಕೆಳಗಿನದು ನೋಡಲಿಲ್ಲ. ಬಾಂಬೋ ಸಮುದ್ರ ದಾಟಿ ಬಂದು ಹೇಳಿದ ಮೇಲೆ ನಾನು ಸುಮ್ಮನೆ ಕೂತು ಚಪ್ಪಾಳೆ ತಗೊಳ್ಳೋದಕ್ಕೆ ಆಗ್ತಾ ಇಲ್ಲ. ನಾಳೆ ಹೋಗಿ ಎಲ್ಲ ಬಿಚ್ಚಿ ನೋಡ್ತೇನೆ.”

ಆಗಷ್ಟೇ ಕೈಗೆ ಬಂದ ಹೆಸರನ್ನು ಅವನು ಮತ್ತೆ ಎಲ್ಲರ ಮುಂದೆ ಇಟ್ಟುಬಿಟ್ಟಿದ್ದ. ಯಾರೂ ಅವನನ್ನು ಕೇಳಿರಲಿಲ್ಲ. ನನ್ನನ್ನು ಕೇಳಿದಾಗಲೂ ನಾನು ಹೇಳಿರಲಿಲ್ಲ.

ಹಿಂದಿನ ಸಾಲಿನಿಂದ ಒಬ್ಬ ಗಂಡಸು ಏನೋ ಕೂಗಿದ. ಗುಡ್ಡದಾಚೆಯ ಆ ಹಳ್ಳಿಯವನೇ ಅವನು. ಜನ ಒಮ್ಮೆಗೇ ನಕ್ಕರು. “ಅದಕ್ಕೇ ನಮ್ಮ ಪಂಪು ಬೆಳಿಗ್ಗೆ ಹೊತ್ತು ಗೊರಕೆ ಹೊಡೀತದೆ, ನಾಳೆ ಬೇಗ ಬಾ, ಪೈಪು ಎಳೆಯೋದಕ್ಕೆ ನಾವೂ ಇರ್ತೇವೆ ಅಂತ ಹೇಳ್ತಾ ಇದ್ದಾನೆ” ಎಂದರು ಮ್ವಾಲೆ. ಅವರ ಕಣ್ಣು ಒದ್ದೆಯಾಗಿತ್ತು. ಬಾಂಡಾನ ಹೆಂಡತಿ ತಲೆಗೆ ಕೈ ಹಚ್ಚಿಕೊಂಡಳು, ಕೊನೆಗೆ ಅವಳೂ ನಕ್ಕಳು.

ಮರುದಿನ ಬೆಳಿಗ್ಗೆ ಮ್ವಾಲೆಯವರ ಮನೆಯ ಮುಂದೆ ಬಾಂಡಾನ ಬೈಕು ನಿಂತಿತು. ಬರುತ್ತೀರಾ ಎಂದು ಕೇಳಿದ. ನಾನು ಸ್ಪ್ಯಾನರ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತೆ. ಆ ಹಳ್ಳಿಯಲ್ಲಿ ಪೈಪುಗಳನ್ನೆಲ್ಲ ಮೇಲಕ್ಕೆ ಎಳೆದಾಗ ಕೆಳಗಿನ ಒಂದು ಜೋಡಣೆಯ ತಿರುಪಿನ ಗೀರು ಸವೆದು, ಪೈಪು ಕಳಚಿ ಬೀಳುವುದರಲ್ಲಿತ್ತು. ಅದು ಒಳಗೆ ಬಿದ್ದು ಸಿಕ್ಕಿಕೊಂಡಿದ್ದರೆ ಆ ಬೋರ್‌ವೆಲ್ ಮತ್ತೆ ಉಪಯೋಗಕ್ಕೆ ಬರುತ್ತಿರಲಿಲ್ಲ. ಬಾಂಡಾ ಆ ಪೈಪಿನ ತುದಿಯನ್ನು ಬೆರಳಿನಿಂದ ಸವರಿ ನನ್ನ ಮುಖ ನೋಡಿದ. ಅವನು ಸವೆದ ಪೈಪನ್ನು ಬದಿಗಿಟ್ಟು ಹೊಸದನ್ನು ತರಲು ಹೇಳಿದ.

ನಾನು ನಿವೃತ್ತನಾದ ಮೇಲೆ ಈಗ ಮನೆಯಲ್ಲಿದ್ದೇನೆ. ಅಷ್ಟು ವರ್ಷದ ಉದ್ಯೋಗ ನನಗೆ ಕಲಿಸಿದ್ದು ಇಷ್ಟು. ಮಾಡಲಾಗದ ಕೆಲಸ ಪ್ರತಿಯೊಬ್ಬನಿಗೂ ಒಂದಲ್ಲ ಒಂದು ಇರುತ್ತದೆ. ಅದನ್ನು ಗಟ್ಟಿಯಾಗಿ ಹೇಳಿಬಿಟ್ಟರೆ ಪಕ್ಕದಲ್ಲಿರುವವನು ಕೈ ಹಚ್ಚುತ್ತಾನೆ. ನನ್ನ ಪಾಲಿಗೆ ಅಂಥವರು ಉದ್ದಕ್ಕೂ ಇದ್ದರು, ನಾನೇ ಅವರನ್ನು ಕೂಗಿರಲಿಲ್ಲ. ಮೋಸಸ್‌ಗೆ, ಐಯಾ ಅವರಿಗೆ, ಕಾಫಿ ಕೊಡುವುದಿಲ್ಲ ಎಂದ ರುಕ್ಮಿಣಿಗೆ, ನೆತ್ತಿ ತಟ್ಟಿ ತೋರಿಸಿದ ಆ ಅಜ್ಜಿಗೆ, ಮತ್ತು ಕೇಳದೆಯೇ ಎದ್ದು ನಿಂತ ಜೋಸೆಫ್ ಬಾಂಡಾಗೆ ನಾನು ಋಣಿ. ಬಾಂಡಾನ ಭಾಷೆಯಲ್ಲಿ ನಾನು ಬಾಯಿಬಿಟ್ಟು ಹೇಳಲು ಕಲಿತದ್ದು ಒಂದೇ ಶಬ್ದ, ಅದೂ ಇದಕ್ಕೇ ಬೇಕಾದದ್ದು. ಜಿಕೋಮೋ. ಅಂದರೆ, ನಿಮ್ಮಿಂದ ಉಪಕಾರವಾಯಿತು.